ಮರ ಉರುಳಿಸುವಾಗ ಕೊಯ್ಯದೆ ಉಳಿಸುವ ಪಟ್ಟಿಗೆ ಹೆಸರೇನು?

ಮಾನ್ಯರೇ,

ಚನ್ನಗಿರಿ, ಹೊಳಲ್ಕೆರೆಯ ಕಡೆ ಹೊಲದ ಬದುಗಳಲ್ಲಿ ಮತ್ತು ತೋಟಗಳ ಅಂಚಿನಲ್ಲಿ ಮರ ಕಡಿಯುವ ಕೂಲಿಕಾರರಿಗಾಗಿ, ಚೈನ್ ಸಾ (ಯಂತ್ರದ ಗರಗಸ) ಬಳಕೆಯ ಸುರಕ್ಷತೆಯನ್ನು ಕುರಿತ ಕಿರುಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಚೈನು, ಬಾರು (ಚೈನು ಸುತ್ತುವ ಉದ್ದನೆಯ ಅಲಗು), ಬ್ರೇಕುಗಳಿಗೆ ಹೊಸ ಹೆಸರು ಬೇಕಿಲ್ಲ. ಅವು ಬಳಕೆಯಲ್ಲಿ ನಿಂತಿವೆ. ತೊಡಕಿರುವುದು ಕೊಯ್ಯುವ ಕ್ರಮವನ್ನು ತಿಳಿಸುವಲ್ಲಿ.

ಮರ ಬೀಳಬೇಕಾದ ಬದಿಯಲ್ಲಿ ಮೊದಲು ಕಾಂಡದ ದಪ್ಪದ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದಷ್ಟು ಆಳಕ್ಕೆ, ಬಾಯಿ ತೆರೆದಂತೆ ಒಂದು ತುಂಡನ್ನು ತೆಗೆಯಬೇಕು. ಇದಕ್ಕೆ ‘ಕಚ್ಚು’ ಎಂದರೆ ಸಾಕೆಂದು ನನ್ನ ಅಭಿಪ್ರಾಯ. ಆಮೇಲೆ ಎದುರು ಬದಿಯಿಂದ, ಕಚ್ಚಿನ ಮೂಲೆಗಿಂತ ತುಸು ಮೇಲೆ, ಹಿಂಬದಿಯ ಕೊಯ್ತ. ಈ ಕೊಯ್ತ ಕಚ್ಚಿನವರೆಗೆ ಹೋಗಬಾರದು. ಎರಡರ ನಡುವೆ ಕಾಂಡದ ದಪ್ಪದ ಸುಮಾರು ಹತ್ತನೇ ಒಂದು ಭಾಗವನ್ನು, ಅಂದರೆ 40 ಸೆಂ.ಮೀ. ದಪ್ಪದ ಮರದಲ್ಲಿ 4 ಸೆಂ.ಮೀ. ಅಗಲದ ಪಟ್ಟಿಯನ್ನು, ಹಾಗೆಯೇ ಉಳಿಸಬೇಕು. ಮರ ವಾಲುವಾಗ ಬಾಗುತ್ತ ಬಾಗುತ್ತ ಅದನ್ನು ಬುಡಕ್ಕೆ ಹಿಡಿದಿಟ್ಟು ದಿಕ್ಕು ಕಾಯುವುದು ಈ ಪಟ್ಟಿಯೇ. ಅದನ್ನೂ ಕೊಯ್ದುಬಿಟ್ಟರೆ ಮರ ಕೊಯ್ಯುವವನ ಮೇಲೆಯೇ ತಿರುಗಬಹುದು.

ಇದಕ್ಕೆ ‘ಕೀಲು’ ಎನ್ನಬಹುದೇ? ಬಾಗಿಲಿನ ಕೀಲಿನಂತೆಯೇ ಇದರ ಕೆಲಸ. ಆದರೆ ಕೀಲು ಎಂದೊಡನೆ ಹೊರಗಿನಿಂದ ಜೋಡಿಸಿದ ವಸ್ತು ಮನಸ್ಸಿಗೆ ಬರುತ್ತದೆ, ಇದಾದರೋ ಮರದ್ದೇ ನಾರು. ‘ತಿರುಗಣಿ’ ಎಂದರೆ ಸುತ್ತ ತಿರುಗುವ ಅರ್ಥ ಬರುವುದರಿಂದ ಅದನ್ನು ಕೈಬಿಟ್ಟಿದ್ದೇನೆ. ‘ಹಿಡಿಪಟ್ಟಿ’ ಎಂಬುದು ನಾನೇ ಕಟ್ಟಿದ ಪದ. ಹಿಡಿದಿಡುವ ಗುಣ ಹೆಸರಿನಲ್ಲೇ ಇದೆ, ಆದರೆ ಕೊಡಲಿಯ ಹಿಡಿಯೊಂದಿಗೆ ಗೊಂದಲವಾದೀತೆಂಬ ಅಳುಕಿದೆ. ಯಂತ್ರದ ಸದ್ದಿನ ನಡುವೆ ಕೂಗಿ ಹೇಳಬೇಕಾದ ಮಾತಾದ್ದರಿಂದ ಪದ ಗಿಡ್ಡವಾಗಿರಲೇಬೇಕು. ಈ ಒಂದು ಕಾರಣಕ್ಕೆ ಸದ್ಯ ‘ಕೀಲು ಉಳಿಸು’ ಎಂಬುದರ ಕಡೆಗೇ ನನ್ನ ಒಲವು.

ಎರಡನೆಯ ಸಂದೇಹ ಚಿಕ್ಕದು. ಬಾರಿನ ಮೂತಿಯ ಮೇಲ್ಭಾಗ ಕೊಂಬೆಗೋ ದಿಮ್ಮಿಗೋ ತಾಗಿದರೆ ಯಂತ್ರ ಥಟ್ಟನೆ ಮೇಲಕ್ಕೂ ಹಿಂದಕ್ಕೂ, ಹಿಡಿದವನ ಮುಖ ಮತ್ತು ಹೆಗಲಿನ ಕಡೆಗೆ ಬರುತ್ತದೆ. ಇದನ್ನು ‘ಒದೆತ’ ಎಂದು ಬರೆದಿದ್ದೆ. ಒದೆತವೆಂದರೆ ಕಾಲಿನ ಕೆಲಸ, ಕೆಳಮಟ್ಟದ ಪೆಟ್ಟು ಎಂಬ ಭಾವನೆ ಬರುವುದಾದರೆ ತಲೆಗೆ ಬರುವ ಅಪಾಯ ಮರೆಯಾಗುತ್ತದೆ. ‘ಯಂತ್ರ ಎಗರುತ್ತದೆ’ ಎಂಬುದು ಹೆಚ್ಚು ಸರಿಯೇ?

ಹಿರಿಯೂರು, ಹೊಸದುರ್ಗದ ಕಡೆ ಎರಡಾಳು ಗರಗಸದಿಂದ ಹುಣಸೆ, ಬೇವು, ಜಾಲಿ ಮರಗಳನ್ನು ಕೆಡವಿದ ಹಿರಿಯರು ನಿಮಗೆ ಪರಿಚಿತರಿದ್ದರೆ, ಆ ಕೊಯ್ಯದ ಪಟ್ಟಿಗೆ ಅವರ ಬಾಯಲ್ಲಿ ಯಾವ ಪದವಿದೆಯೆಂದು ದಯವಿಟ್ಟು ಕೇಳಿ ತಿಳಿಸಿರಿ. ಬಿಡಿ ಪದದ ಜೊತೆಗೆ ಅವರು ಆಡಿದ ವಾಕ್ಯವನ್ನೂ ಊರಿನ ಹೆಸರನ್ನೂ ಬರೆದರೆ ಉಪಕಾರವಾಗುತ್ತದೆ.