ಸಹಾಯ ಬೇಕು: ಡಿಸಿಸಿ ಎಂಜಿನ್‌ನ ಸೀಟಿ ತಾನಾಗಿ ನಿಲ್ಲುತ್ತಿಲ್ಲ

ನಮಸ್ಕಾರ. ನನ್ನ ಎಚ್‌ಒ ಅಳತೆಯ (1:87) ಮಾದರಿ ರೈಲಿನ ಉಗಿ ಎಂಜಿನ್ ಡಿಸಿಸಿಯಲ್ಲಿ, ಅಂದರೆ ಹಳಿಯ ಮೂಲಕ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆಯಲ್ಲಿ, ಓಡುತ್ತದೆ. ಆ ಆದೇಶ ಓದಿ ಸದ್ದು ಹೊರಡಿಸುವ ಧ್ವನಿ ಡಿಕೋಡರ್ ಅದರಲ್ಲಿದೆ. ಕಂಟ್ರೋಲರ್‌ನ ಎಫ್0 ಗುಂಡಿ ಒತ್ತಿದರೆ ದೀಪ, ಎಫ್1 ಒತ್ತಿದರೆ ಗಂಟೆ. ಅಲ್ಲಿಯವರೆಗೆ ಎಲ್ಲ ಸರಿ. ತಕರಾರು ಎಫ್2ರದು. ಗುಂಡಿಯಿಂದ ಬೆರಳು ತೆಗೆದರೂ ಸೀಟಿ ಕೂಗುತ್ತಲೇ ಇರುತ್ತದೆ; ಮತ್ತೊಮ್ಮೆ ಒತ್ತಿದಾಗಲೇ ಬಾಯಿ ಮುಚ್ಚುತ್ತದೆ. ಮನೆಯವರ ತಾಳ್ಮೆಯ ವಿಚಾರ ಬರೆಯದಿರುವುದೇ ಮೇಲು.

ಗೆಳೆಯರೊಬ್ಬರ ಕಂಟ್ರೋಲರ್‌ನಲ್ಲಿ ಇದೇ ಎಂಜಿನ್ ಗುಂಡಿ ಹಿಡಿದಷ್ಟು ಹೊತ್ತು ಮಾತ್ರ ಕೂಗುತ್ತದೆ. ಹಾಗಾಗಿ ಡಿಕೋಡರ್ ಮೇಲೆ ನನಗೆ ಅನುಮಾನವಿಲ್ಲ. ನನ್ನ ಕಂಟ್ರೋಲರ್ ಎಫ್2 ಗುಂಡಿಯನ್ನೂ ದೀಪದ ಸ್ವಿಚ್ಚಿನಂತೆ ನಡೆಸಿಕೊಳ್ಳುತ್ತಿದೆ ಎನಿಸುತ್ತದೆ. ಗುಂಡಿಯ ಈ ಸ್ವಭಾವವನ್ನು ಪ್ರತಿ ಎಂಜಿನ್ ವಿಳಾಸಕ್ಕೂ (ಎಂಜಿನ್ನನ್ನು ಗುರುತಿಸುವ ಸಂಖ್ಯೆ) ಬೇರೆ ಬೇರೆಯಾಗಿ ಹೊಂದಿಸಬೇಕೇ, ಅಥವಾ ಒಮ್ಮೆ ಬದಲಿಸಿದರೆ ಎಲ್ಲಕ್ಕೂ ಅನ್ವಯವಾಗುತ್ತದೆಯೇ?

ಇನ್ನೊಂದು ಪ್ರಶ್ನೆ ಜೋಡಿ ಎಂಜಿನ್‌ಗಳದು. ಒಟ್ಟಿಗೆ ಓಡಲೆಂದು ಎರಡಕ್ಕೂ ಸಿವಿ 19ರಲ್ಲಿ (ಸಿವಿ ಎಂದರೆ ಡಿಕೋಡರ್‌ನಲ್ಲಿ ಹೊಂದಾಣಿಕೆಯ ಸಂಖ್ಯೆ ಬರೆದಿಡುವ ಜಾಗ) ಒಂದೇ ವಿಳಾಸ ಕೊಟ್ಟಿದ್ದೇನೆ. ವೇಗದ ಆದೇಶವನ್ನು ಎರಡೂ ಪಾಲಿಸುತ್ತವೆ, ಆದರೆ ಗಂಟೆ, ಸೀಟಿ ಆ ವಿಳಾಸಕ್ಕೆ ಓಗೊಡುವುದಿಲ್ಲ. ಎಫ್1ರಿಂದ ಎಫ್8ರವರೆಗಿನವು ಜೋಡಿ ವಿಳಾಸಕ್ಕೆ ಸ್ಪಂದಿಸಬೇಕೇ ಎಂಬುದನ್ನು ಸಿವಿ 21 ನಿರ್ಧರಿಸುತ್ತದೆ. ಎಫ್1ಕ್ಕೆ 1, ಎಫ್2ಕ್ಕೆ 2, ಕೂಡಿಸಿದರೆ 3. ಮುಂದಿನ ಎಂಜಿನ್ ಮಾತ್ರ ಸದ್ದು ಮಾಡಬೇಕು. ಅದರ ಸಿವಿ 21ಕ್ಕೆ 3, ಹಿಂದಿನದಕ್ಕೆ 0 ಬರೆದರೆ ಸಾಕೇ? ಹೀಗೆ ಓಡಿಸುತ್ತಿರುವವರು ತಿಳಿಸಿ.

ದಯವಿಟ್ಟು ಸಿವಿ 8ಕ್ಕೆ 8 ಬರೆದು ಎಲ್ಲವನ್ನೂ ಮೊದಲಿನ ಸ್ಥಿತಿಗೆ ತನ್ನಿ ಎನ್ನಬೇಡಿ. ಉಗಿಯ ಸದ್ದು, ಗಂಟೆ, ಸೀಟಿಗಳ ಮಟ್ಟವನ್ನು ಒಂದೊಂದಾಗಿ ಕಿವಿಗೊಟ್ಟು ಹೊಂದಿಸಿದ್ದೇನೆ, ಅದೆಲ್ಲ ಅಳಿಸಿಹೋಗುತ್ತದೆ.