ಸಹಾಯ ಬೇಕು: ದೊಡ್ಡ ಮ್ಯಾಚ್ ಎಂದರೆ ಸೀಟಿ ಊದಲು ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಫುಟ್‌ಬಾಲ್ ರೆಫರಿ. ಶಾಲಾ ಮಕ್ಕಳ ಮ್ಯಾಚ್, ಸಿ ಡಿವಿಷನ್ ಮ್ಯಾಚ್ ಎಲ್ಲ ಆರಾಮಾಗಿ ನಡೆಸುತ್ತಿದ್ದೆ. ಈ ಸೀಸನ್‌ನಿಂದ ಅಶೋಕನಗರದ ಸ್ಟೇಡಿಯಂನಲ್ಲಿ ಮೇಲಿನ ಡಿವಿಷನ್ ಮ್ಯಾಚ್ ಸಿಗುತ್ತಿವೆ. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ಹಿಂದಿನ ರಾತ್ರಿ ನಿದ್ದೆ ಇಲ್ಲ. ಬೆಳಿಗ್ಗೆ ಎರಡು ಇಡ್ಲಿಯೂ ಗಂಟಲಲ್ಲಿ ಇಳಿಯುವುದಿಲ್ಲ. ಫಿಟ್‌ನೆಸ್ ಟೆಸ್ಟ್ ಪಾಸಾಗಿದ್ದೇನೆ, 17 ನಿಯಮಗಳೂ ಬಾಯಿಪಾಠ. ಆದರೂ ಹೋದ ವಾರ ಪೆನಾಲ್ಟಿ ಬಾಕ್ಸ್ ಒಳಗೆ ಡಿಫೆಂಡರ್ ಕಾಲು ಕೊಟ್ಟು ಬೀಳಿಸಿದ್ದನ್ನು ಕಣ್ಣಾರೆ ಕಂಡೆ. ಸೀಟಿ ತುಟಿಯಲ್ಲೇ ಇತ್ತು, ಊದಲಿಲ್ಲ. ಬಿದ್ದ ಹುಡುಗ ಕೂತಲ್ಲಿಂದಲೇ ನನ್ನ ಮುಖ ನೋಡಿದ. ನಮ್ಮಲ್ಲಿ ವಿಎಆರ್ (ವಿಡಿಯೊ ನೋಡಿ ತೀರ್ಪು ತಿದ್ದುವ ವ್ಯವಸ್ಥೆ) ಇಲ್ಲ. ಅವನಿಗೆ ಅನ್ಯಾಯ ಆಯಿತು, ಅಲ್ವಾ?

ಗ್ಯಾಲರಿಯ ಕೂಗಿಗೆ ನನಗೆ ಹೆದರಿಕೆ ಇಲ್ಲ. ಮೇಲೆ ಕೂತು ನನ್ನ ಕೆಲಸಕ್ಕೆ ಅಂಕ ಬರೆಯುವ ಅಸೆಸರ್ ನೆನಪಾದರೆ ಕೈ ಬೆವರುತ್ತದೆ. ಪ್ರಾಣಾಯಾಮ ಮಾಡಿ ನೋಡಿದೆ. ಹಿರಿಯ ರೆಫರಿಯೊಬ್ಬರು "ಮ್ಯಾಚ್ ಜಾಸ್ತಿ ಮಾಡು, ತಾನಾಗೇ ಹೋಗುತ್ತೆ ಕಣಪ್ಪ" ಎಂದರು. ಹನ್ನೊಂದು ಮ್ಯಾಚ್ ಆಯಿತು, ಭಯ ಇನ್ನೂ ಹೆಚ್ಚಿದೆ.

ಈ ಹಂತ ದಾಟಿದ ರೆಫರಿಗಳು ದಯವಿಟ್ಟು ಹೇಳಿ. ಸ್ವಲ್ಪ ದಿನ ಕೆಳಗಿನ ಡಿವಿಷನ್‌ಗೆ ವಾಪಸ್ ಹೋಗಲಾ? ಇಲ್ಲಾ ಇಲ್ಲೇ ಇದ್ದುಕೊಂಡು ಕ್ರೀಡಾ ಮನಶ್ಶಾಸ್ತ್ರಜ್ಞರನ್ನು ನೋಡಲಾ? ನಿಮಗೆ ಯಾವುದು ಕೆಲಸ ಮಾಡಿತು?