ಮಂಜಣ್ಣನವರನ್ನು ಕೇಳಿ: ಹಳೇ ಮಿಲಿಟರಿ ರೈಫಲ್ ಬೇಟೆಗೆ ಆಗುತ್ತಾ?

ಅಡ್ಮಿನ್: ಅಮೆರಿಕದಲ್ಲಿರುವ ನಮ್ಮ ಬೇಟೆ ಗುಂಪಿಗೆ ಈ ವಾರ ಪೆನ್ಸಿಲ್ವೇನಿಯಾದ ಗನ್‌ಸ್ಮಿತ್ ಮಂಜಣ್ಣ ಬಂದಿದ್ದಾರೆ. ಸೈನ್ಯದ ಹಳೇ ರೈಫಲನ್ನು ಕಡಿಮೆ ಖರ್ಚಿನಲ್ಲಿ ಜಿಂಕೆ ಬೇಟೆಗೆ ಹೊಂದಿಸುವ ಬಗ್ಗೆ ಮಾತ್ರ ಕೇಳಿ.

ಶಿವು: ಅಣ್ಣ, ರಷ್ಯಾ ಸೈನ್ಯದ ಹಳೇ ರೈಫಲ್ ಮೋಸಿನ್ ನಗಾಂತ್ 91/30 ತಗೊಂಡಿದ್ದೇನೆ. ನಳಿಗೆ ಗಿಡ್ಡ ಮಾಡಿ, ಮರದ ಹಿಡಿ ತೆಗೆದು ಪ್ಲಾಸ್ಟಿಕ್ ಹಿಡಿ (ಸ್ಟಾಕ್) ಹಾಕಿ, ಸ್ಕೋಪ್ ಕೂರಿಸಿದರೆ ಅಗ್ಗದಲ್ಲಿ ಮುಗಿಯುತ್ತಲ್ವಾ?

ಮಂಜಣ್ಣ: ಮುಗಿಯಲ್ಲ. ಬೋಲ್ಟಿನ (ತೋಟಾ ಒಳಕ್ಕೆ ತಳ್ಳಿ ಮುಚ್ಚುವ ಸಲಾಕೆ) ಹಿಡಿ ನೆಟ್ಟಗಿದೆ, ಎತ್ತಿದರೆ ಸ್ಕೋಪಿಗೆ ಬಡಿಯುತ್ತದೆ, ಅದನ್ನು ಬದಲಿಸಬೇಕು. ರಿಸೀವರ್‌ಗೆ, ಅಂದರೆ ಬೋಲ್ಟ್ ಕೂರುವ ಉಕ್ಕಿನ ಮೈಗೆ, ತೂತು ಹೊಡೆದು ಥ್ರೆಡ್ ಹಾಕಬೇಕು. ಸ್ಟಾಕು, ಸ್ಕೋಪು, ಕೂಲಿ ಸೇರಿಸಿದರೆ ಆ ದುಡ್ಡಿಗೆ ಅಂಗಡಿಯಲ್ಲಿ ಹೊಸದೇ ಸಿಗುತ್ತದೆ. 1960ರ ಸುಮಾರಿಗೆ ಇಂಥ ರೈಫಲ್ 20 ಡಾಲರ್ ಆಸುಪಾಸಿಗೆ ಪೋಸ್ಟಿನಲ್ಲಿ ಮನೆಗೇ ಬರುತ್ತಿತ್ತು, ಆಗ ಲೆಕ್ಕ ಕೂಡುತ್ತಿತ್ತು. 1968ರ ಕಾನೂನು ಅದನ್ನು ನಿಲ್ಲಿಸಿತು. ಮೊದಲೇ ಅನುಮತಿ ಪಡೆಯದೆ ನಳಿಗೆ 16 ಇಂಚಿಗಿಂತ ಗಿಡ್ಡ ಮಾಡಿದರೆ ಫೆಡರಲ್ ಕೇಸು, ನೆನಪಿರಲಿ.

ಸುನಿಲ್: ನನ್ನ ಹತ್ತಿರ ಇರುವ ಭಾರತದ ಇಷಾಪುರ ಕಾರ್ಖಾನೆಯ 2ಎ1 ರೈಫಲ್‌ಗೆ ಅಂಗಡಿಯ .308 ತೋಟಾ ಹಾಕಬಹುದಾ ಸರ್?

ರೇಖಾ: ನಮ್ಮವರು ಇಲ್ಲಿನವರೇ. ಅವರ ತಾತನದು ಅಮೆರಿಕ ಸೈನ್ಯದ ಹಳೇ ರೈಫಲ್ ಸ್ಪ್ರಿಂಗ್‌ಫೀಲ್ಡ್ 1903, ಆಗಲೇ ಮರ ಕೆತ್ತಿ ಬೇಟೆಗೆ ಹೊಂದಿಸಿದ್ದಾರೆ. ಹೊಸ ನಳಿಗೆ ಹಾಕಿಸಬೇಕು. ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಕಾರ್ಖಾನೆಯದು, ಸೀರಿಯಲ್ ನಂಬರು ಆರು ಲಕ್ಷ ಚಿಲ್ಲರೆ.

ಮಂಜಣ್ಣ: ರೇಖಾ ಅವರೇ, ಅದಕ್ಕೆ ಇನ್ನು ತೋಟಾ ಹಾಕಬೇಡಿ. ಸ್ಪ್ರಿಂಗ್‌ಫೀಲ್ಡ್‌ನಲ್ಲಿ 8,00,000ಕ್ಕಿಂತ, ಇದನ್ನೇ ಮಾಡುತ್ತಿದ್ದ ಇನ್ನೊಂದು ಕಾರ್ಖಾನೆ ರಾಕ್ ಐಲ್ಯಾಂಡ್‌ನಲ್ಲಿ 2,85,507ಕ್ಕಿಂತ ಕೆಳಗಿನ ನಂಬರಿನ ರಿಸೀವರ್‌ಗಳನ್ನು ನಂಬುವ ಹಾಗಿಲ್ಲ. ಆ ಕಾಲದಲ್ಲಿ ಉಕ್ಕು ಎಷ್ಟು ಕಾದಿದೆ ಅನ್ನುವುದನ್ನು ಕೆಲಸಗಾರ ಬರೀ ಕಣ್ಣಲ್ಲಿ ಬಣ್ಣ ನೋಡಿ ಹೇಳುತ್ತಿದ್ದ. ಮೋಡದ ದಿನ ಸರಿಯಾಗಿ ಕಂಡ ಕೆಂಪು, ಒಳ್ಳೆ ಬಿಸಿಲಿದ್ದ ದಿನ ಮಂಕಾಗಿ ಕಾಣುತ್ತದೆ, ಇನ್ನೂ ಕಾಯಲಿ ಅಂತ ಬಿಟ್ಟರೆ ಉಕ್ಕು ಸುಟ್ಟೇ ಹೋಗುತ್ತದೆ. ಹಾಗೆ ಸುಟ್ಟದ್ದು ಏಟು ಬಿದ್ದರೆ ಗಾಜಿನ ಹಾಗೆ ಒಡೆಯುತ್ತದೆ. 1917ರಲ್ಲಿ ಕೆಲವು ಒಡೆದ ಮೇಲೆ ಇದು ಪತ್ತೆಯಾಯಿತು, 1918ರಲ್ಲಿ ಹದ ಮಾಡುವ ರೀತಿಯನ್ನೇ ಬದಲಿಸಿದರು. ಈ ರೈಫಲ್‌ನಲ್ಲಿ ತೋಟಾದ ಹಿಂಭಾಗಕ್ಕೆ ಸುತ್ತಲೂ ಪೂರ್ತಿ ಆಸರೆ ಇಲ್ಲ. ತೋಟಾದ ಹಿತ್ತಾಳೆ ಕೊಳವೆ ಸೀಳಿದರೆ ಗ್ಯಾಸೆಲ್ಲ ಆ ರಿಸೀವರ್ ಒಳಕ್ಕೇ ನುಗ್ಗುತ್ತದೆ, ಪಕ್ಕದಲ್ಲೇ ನಿಮ್ಮ ಕೆನ್ನೆ ಇರುತ್ತದೆ. ನಳಿಗೆ ಹೊಸದಾದರೂ ರಿಸೀವರ್ ಅದೇ ತಾನೆ? ಮತ್ತೆ ಕಾಯಿಸಿ ಹದ ಮಾಡಿಕೊಡುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ, ಸುಟ್ಟ ಉಕ್ಕು ಸರಿಹೋಗಲ್ಲ.

ನಾಗರಾಜ್: ಫಾರ್ವರ್ಡ್: ಹಳೇ ಸೋವಿಯತ್ ತೋಟಾ ಹೊಡೆದ ಮೇಲೆ ನಳಿಗೆಗೆ ಗಾಜು ಒರೆಸುವ ಅಮೋನಿಯಾ ಸ್ಪ್ರೇ ಹಾಕಿ. ಕಾಸ್ಮೋಲಿನ್ ಗ್ರೀಸ್ ಬಿಡಿಸಲು ಅಡುಗೆ ಓವನ್‌ನಲ್ಲಿಡಿ. ಎಲ್ಲರಿಗೂ ಕಳಿಸಿ 🙏

ಮಂಜಣ್ಣ: ಯಾರಿಗೂ ಕಳಿಸಬೇಡಿ. ಓವನ್‌ನಲ್ಲಿ ಗ್ರೀಸು ತೊಟ್ಟಿಕ್ಕಿ ಬೆಂಕಿ ಹತ್ತುತ್ತದೆ. ಆ ತೋಟಾದ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ಉರಿದಾಗ ನಳಿಗೆಯಲ್ಲಿ ಉಪ್ಪು ಉಳಿಯುತ್ತದೆ, ಅದು ತೇವ ಎಳೆದು ತುಕ್ಕು ತರುತ್ತದೆ. ಉಪ್ಪು ಕರಗುವುದು ನೀರಿಗೆ, ಅಮೋನಿಯಾ ಸುಮ್ನೆ. ಬಿಸಿನೀರು ಹಾಕಿ ತೊಳೆಯಿರಿ, ಒಣಗಿಸಿ, ಎಣ್ಣೆ ಸವರಿ.

ಗಿರೀಶ್: ನನ್ನ ಕೇಳಿದರೆ ಇವನ್ನು ಕತ್ತರಿಸುವುದೇ ತಪ್ಪು. ಮೂಲ ಸ್ಥಿತಿಯಲ್ಲಿದ್ದರೆ ಮಾತ್ರ ಬೆಲೆ.

ಶಿವು: ಲಕ್ಷಗಟ್ಟಲೆ ಮಾಡಿ ಬಿಸಾಕಿದ ರೈಫಲ್ ಸ್ವಾಮಿ, ಮ್ಯೂಸಿಯಂ ವಿಗ್ರಹ ಅಲ್ಲ. ದುಡ್ಡು ನಂದು.

ಗಿರೀಶ್: ದುಡ್ಡು ನಿಮ್ಮದೇ, ಇತಿಹಾಸ ನಿಮ್ಮದಲ್ಲ.

ಶಿವು: ಹಾಗಾದರೆ ನೀವೇ ಕೊಂಡು ಪೂಜೆ ಮಾಡಿ.

ಬೋಪಣ್ಣ: ಜಗಳ ಆಮೇಲೆ. ವಿರಾಜಪೇಟೆ ಮನೆಯಲ್ಲಿ ಅಜ್ಜನ .315 ಕೋವಿ ಇದೆ. ಕೊಡವರಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ, ರಜಕ್ಕೆ ಹೋದಾಗ ನಾನೇ ನಳಿಗೆ ಕತ್ತರಿಸಬಹುದಾ?

ಮಂಜಣ್ಣ: ಬೇಡ. ವಿನಾಯಿತಿ ಇರುವುದು ಆಯುಧ ಕಾಯ್ದೆಯ 3 ಮತ್ತು 4ನೇ ಸೆಕ್ಷನ್ನಿಗೆ, ಅಂದರೆ ಇಟ್ಟುಕೊಳ್ಳುವುದಕ್ಕೆ. ರಿಪೇರಿ, ಬದಲಾವಣೆ 5ಕ್ಕೆ ಬರುತ್ತದೆ, ನಳಿಗೆ ಕತ್ತರಿಸುವುದು 6ಕ್ಕೆ, ಅವಕ್ಕೆ ಆ ವಿನಾಯಿತಿ ಇಲ್ಲ. ಏನಾದರೂ ಕೆಟ್ಟಿದ್ದರೆ ಲೈಸೆನ್ಸ್ ಇರುವ ಅಂಗಡಿಗೆ ಕೊಡಿ. ಅದೂ ಅಲ್ಲದೆ ಅದು ಆಗಲೇ ಬೇಟೆ ರೈಫಲ್, ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ರೈಫಲ್ಲಿನ ಮೈಗೇ ಬೇರೆ ತೋಟಾ ಹೊಂದಿಸಿದ್ದು. ಸೈನ್ಯದ .303 ತೋಟಾದ ರೈಫಲ್ ಖಾಸಗಿಯವರಿಗೆ ಕೊಡುತ್ತಿರಲಿಲ್ಲ, ಅದಕ್ಕೇ ಇದು.

ಸುನಿಲ್: ಸರ್, ನನ್ನ 2ಎ1?

ಕಿರಣ್: ಮೋಸಿನ್‌ಗೆ ಸ್ಕೋಪ್ ಹಾಕಿಸಲು ಎಷ್ಟು ಸರ್?

ಮಂಜಣ್ಣ: ಕಿರಣ್, ಮೇಲೆ ಓದಿ.

ನಾಗರಾಜ್: ಓವನ್ ವಿಡಿಯೋಗೆ ಸಾವಿರಾರು ಲೈಕ್ ಇದೆ ಸರ್, ಅವರೆಲ್ಲ ದಡ್ಡರಾ?

ಮಂಜಣ್ಣ: ಲೈಕ್ ಕೊಟ್ಟವರ ಮನೆ ಓವನ್‌ನಲ್ಲೇ ಇಡಿ.

ರೇಖಾ: ಮಂಜಣ್ಣ, ನಮ್ಮವರು ಒಪ್ಪುತ್ತಿಲ್ಲ. ತಾತ ಜೀವಮಾನವಿಡೀ ಇದರಲ್ಲೇ ಹೊಡೆದರು, ಏನೂ ಆಗಲಿಲ್ಲವಲ್ಲ ಅನ್ನುತ್ತಾರೆ.

ಮಂಜಣ್ಣ: ತಾತನಿಗೆ ಒಂದೂ ಕೆಟ್ಟ ತೋಟಾ ಸಿಗಲಿಲ್ಲ, ಅಷ್ಟೇ. ಬೋಲ್ಟ್ ತೆಗೆದು ಬೇರೆ ಕಡೆ ಬೀಗ ಹಾಕಿಡಿ, ರೈಫಲ್ ಗೋಡೆ ಮೇಲಿರಲಿ. ನಿಮ್ಮವರಿಗೆ ನನ್ನ ನಂಬರ್ ಕೊಡಿ, ನಾನೇ ಮಾತಾಡುತ್ತೇನೆ.